ಕೋಣೆ ಬಿಟ್ಟು ಬರಲ್ಲ!

"ಏಳ್ರೀ ಮೇಲೆ… ಅದು ನನ್ನ ಕುರ್ಚಿ!"

ಹೇಳಿದ್ದು ಪಿಸುಮಾತಲ್ಲೇ. ಆದರೂ ಕುರ್ಚಿಯಲ್ಲಿ ಕೂತಿದ್ದವನು ಕೆಂಡ ತುಳಿದವನ ಹಾಗೆ ಎದ್ದು ನಿಂತ.

"ಅಯ್ಯೋ ಸಾರಿ… ಇದೂ ನೋಡೋಕೆ ಇಟ್ಟಿರೋ ವಸ್ತುನಾ?"

"ಅಲ್ಲ, ನಾನು ಕೂರೋಕೆ ಇಟ್ಟಿರೋದು. ನಾನೂ ಕೂರಲ್ಲ, ಆ ಮಾತು ಬೇರೆ!"

ಅವನು ನಕ್ಕ. ಅವಳು ನಗಲಿಲ್ಲ. ಕಾವಲಿಗೆ ನಿಂತವರು ಸುಲಭಕ್ಕೆ ನಗಬಾರದು ಅನ್ನುವುದು ಅವಳೇ ಮಾಡಿಕೊಂಡ ಕಾನೂನು.

ಆ ನಗರದ ಕಲಾ ಮ್ಯೂಸಿಯಮ್ಮಿನಲ್ಲಿ ಅವಳು ಸೆಕ್ಯೂರಿಟಿ. ಮೇಲಿನ ಮಹಡಿಯ ಕೊನೆಯ ಕೋಣೆ ಅವಳ ಪಾಲಿನದು. ಹಣ್ಣಿನ ಬುಟ್ಟಿ, ಹೂಜಿ, ಅರ್ಧ ಸುಲಿದ ಕಿತ್ತಳೆ, ತಟ್ಟೆಯಲ್ಲಿ ಮಲಗಿದ ಮೀನು… ಗೋಡೆ ತುಂಬ ಇಂಥವೇ ಹಳೆಯ ಚಿತ್ರಗಳು. ಮ್ಯೂಸಿಯಮ್ಮು ಅವಳಿಗೆ ಕೊಟ್ಟ ನಿಯಮಗಳು ಎರಡೇ. ದನಿ ಎತ್ತರಿಸಬಾರದು. ಬದಲಿಯವರು ಬಂದು ನಿಲ್ಲುವ ತನಕ, ಆಕಾಶ ಕಳಚಿ ಬಿದ್ದರೂ, ಕೋಣೆ ಬಿಡಬಾರದು. ಬಿಟ್ಟರೆ ಅವತ್ತೇ ಕೆಲಸದಿಂದ ಆಚೆ.

ಈ ಯೂನಿಫಾರ್ಮಿನ ದೆಸೆಯಿಂದ ಎರಡು ಸಂಬಂಧಗಳು ಹೊಸ್ತಿಲವರೆಗೆ ಬಂದು ಹಿಂದಿರುಗಿದ್ದವು. ಒಬ್ಬರು "ವಾಚ್‌ಮನ್ ಕೆಲಸದ ಹುಡುಗಿ" ಎಂದು ಮೂಗು ಮುರಿದರು. ಇನ್ನೊಬ್ಬರು "ಕೆಲಸ ಬಿಟ್ಟರೆ ಆಗಬಹುದು" ಎಂದು ದೊಡ್ಡ ಮನಸ್ಸು ಮಾಡಿದರು! ಅವಳು ಬಿಡಲಿಲ್ಲ. ಯಾಕೆ ಬಿಡಬೇಕು? ಬೆಳಗಿನ ಬಿಸಿಲು ಈ ಚಿತ್ರಗಳ ಮೇಲೆ ಮೊದಲು ಬೀಳುವುದನ್ನು ನೋಡಲು ಸಂಬಳ ಕೊಡುವ ಕೆಲಸ ಜಗತ್ತಿನಲ್ಲಿ ಎಷ್ಟಿವೆ?

ಇವತ್ತು ಮೂರನೆಯ ಸಂಬಂಧ. ಸಾಕಿ ಬೆಳೆಸಿದ ಚಿಕ್ಕಮ್ಮ ಕಣ್ಣೀರು ಹಾಕಿ ಒಪ್ಪಿಸಿದ್ದಳು. ಊಟದ ಬಿಡುವಿನಲ್ಲಿ ಕೆಳಗಿನ ಕ್ಯಾಂಟೀನಿನಲ್ಲಿ ಹುಡುಗನನ್ನು ನೋಡಬೇಕು. ಅವನ ಫೋಟೋವನ್ನು ಇವಳು ನೋಡಿಯೇ ಇರಲಿಲ್ಲ. ಬದನೆಕಾಯಿ ಆರಿಸಿದ ಹಾಗೆ ಮನುಷ್ಯರನ್ನು ಆರಿಸಲ್ಲ ಎಂದು ಹಟ ಹಿಡಿದಿದ್ದಳು.

"ಸೆಕ್ಯೂರಿಟಿಯವರೇ, ಒಂದು ಮಾತು ಕೇಳಲಾ?" ಕುರ್ಚಿಯವನು ಹತ್ತಿರ ಬಂದ. "ಇಲ್ಲಿ ಒಬ್ಬರು ಮೇಡಂ ಇದಾರಂತಲ್ಲ, ದೊಡ್ಡ ಅಧಿಕಾರಿ… ಈ ಮಹಡಿ ಪೂರ್ತಿ ಅವರ ಕೈಕೆಳಗಂತೆ. ತುಂಬಾ ಗತ್ತಾ ಅವರಿಗೆ?"

"ಯಾಕೆ?"

"ಮಧ್ಯಾಹ್ನ ಕ್ಯಾಂಟೀನಲ್ಲಿ ಅವರನ್ನ ನೋಡ್ಬೇಕು. ಮದುವೆ ಮಾತು." ಅವನು ಕಿವಿಯ ಹಿಂದೆ ಕೆರೆದುಕೊಂಡ. "ಫೋಟೋದಲ್ಲಂತೂ ಕೂದಲು ಬಿಟ್ಕೊಂಡು, ಮುಖ ತುಂಬ ಬಣ್ಣ… ನೋಡಿದ್ರೇ ಹೆದರಿಕೆ ಆಯ್ತು."

ಅವಳು ಟೋಪಿಯನ್ನು ಇನ್ನಷ್ಟು ಕೆಳಗೆ ಎಳೆದುಕೊಂಡಳು.

ಅಕ್ಕನ ಮಗಳ ಮದುವೆಯಲ್ಲಿ ತೆಗೆದ ತನ್ನ ಫೋಟೋ! ಚಿಕ್ಕಮ್ಮ ಕೊಟ್ಟಿದ್ದಾಳೆ! ಜೊತೆಗೆ ಅಧಿಕಾರಿ ಅನ್ನುವ ಸುಳ್ಳು ಬೇರೆ! ಈಗಲೋ ಬಿಗಿಯಾಗಿ ಕಟ್ಟಿದ ಕೂದಲು, ಕನ್ನಡಕ, ಹಣೆ ಮುಚ್ಚುವ ಟೋಪಿ. ಇವನಿಗೆ ಗುರುತು ಸಿಗದಿದ್ದರಲ್ಲಿ ಆಶ್ಚರ್ಯವೇನಿತ್ತು?

"ಹೆದರಿಕೆ ಇದ್ರೆ ಯಾಕೆ ಬಂದ್ರಿ?" ದನಿ ಅವಳಿಗೇ ಒರಟಾಗಿ ಕೇಳಿಸಿತು.

"ಒಪ್ಪಿಗೆ ಇಲ್ಲ ಅಂತ ಮುಖತಃ ಹೇಳಿ ಹೋಗೋಣ ಅಂತ."

"ನೋಡದೇನೇ?!"

"ನಾನು ಲಿಫ್ಟ್ ರಿಪೇರಿ ಮಾಡೋನು. ಉಗುರು ನೋಡಿ, ಗ್ರೀಸ್ ಹೋಗೋದೇ ಇಲ್ಲ." ಅವನು ಕೈ ಚಾಚಿದ. "ಅವರೆಲ್ಲಿ, ನಾನೆಲ್ಲಿ? ಕೆಲಸ ನಂಗಿಷ್ಟ ರೀ. ನಾಳೆ ನಾಲ್ಕು ಜನರ ಮುಂದೆ ಅದನ್ನ ಹೇಳೋಕೆ ಅವರಿಗೆ ನಾಚಿಕೆ ಆದ್ರೆ? ಆ ನಾಚಿಕೆ ಜೊತೆ ನನಗೆ ಬಾಳೋಕಾಗಲ್ಲ."

ಅವಳ ಕೋಪ ಎಲ್ಲಿ ಹೋಯಿತೋ! ಇದೇ ಮಾತನ್ನು ಎಷ್ಟು ಸಲ ಅವಳು ಚಿಕ್ಕಮ್ಮನಿಗೆ ಹೇಳಿದ್ದಳು…

*ಹೇಳಿಬಿಡು. ಆ ಮೇಡಂ ನಾನೇ ಅಂತ ಈಗಲೇ ಹೇಳಿಬಿಡು.*

ಬಾಯಿ ತೆರೆಯುವಷ್ಟರಲ್ಲಿ ಅವನು ಮೀನಿನ ಚಿತ್ರದ ಕಡೆ ಬಗ್ಗಿದ್ದ.

"ಅರೆ! ಬೆಕ್ಕು!"

ಅವಳು ಎರಡೇ ಹೆಜ್ಜೆಗೆ ಅವನ ಪಕ್ಕ ಬಂದಳು.

ಚಿತ್ರದಲ್ಲಿ ಬೆಕ್ಕಿಲ್ಲ. ಮೇಜುಬಟ್ಟೆಯ ಮಡಿಕೆಯ ಕತ್ತಲಲ್ಲಿ, ಮೀನಿನ ಕಡೆಗೆ ಚಾಚಿದ ಒಂದೇ ಒಂದು ಪುಟ್ಟ ಪಂಜ ಇದೆ. ಜನ ಬರುತ್ತಾರೆ, ಮೀನು ನೋಡುತ್ತಾರೆ, ಮೀನಿನ ಜೊತೆ ಫೋಟೋ ತೆಗೆಸಿಕೊಂಡು ಹೋಗುತ್ತಾರೆ. ಆ ಪಂಜ ಕಾಣಲು ಅವಳಿಗೇ ಒಂದು ಇಡೀ ಚಳಿಗಾಲ ಬೇಕಾಗಿತ್ತು. ಆಮೇಲೆ ಯಾರಿಗೂ ತೋರಿಸಿರಲಿಲ್ಲ. ಅದು ಅವಳೊಬ್ಬಳ ಗುಟ್ಟಾಗಿತ್ತು.

"ಹೇಗೆ… ಹೇಗೆ ಕಾಣಿಸ್ತು ನಿಮಗೆ?"

"ಲಿಫ್ಟಲ್ಲಿ ತೊಂದರೆ ಯಾವಾಗ್ಲೂ ಮೂಲೇಲೇ ಅಡಗಿರುತ್ತೆ. ಹಾಗಾಗಿ ಮೊದಲು ಮೂಲೆ ನೋಡೋದು ಅಭ್ಯಾಸ." ಅವನ ಮುಖ ಅರಳಿತ್ತು. "ಪಾಪ, ಎಷ್ಟು ವರ್ಷದಿಂದ ಕೈ ಚಾಚ್ಕೊಂಡು ಕಾದಿದೆ! ಮೀನು ಮಾತ್ರ ಸಿಕ್ಕಿಲ್ಲ."

ಅವಳಿಗೆ ನಗು ತಡೆಯಲಾಗಲಿಲ್ಲ. ಕಾನೂನು ಮುರಿಯಿತು!

ಆಮೇಲೆ ಮಾತು ಎಲ್ಲೆಲ್ಲಿಗೋ ಹೋಯಿತು. ಯಾವ ಚಿತ್ರಕ್ಕೆ ಯಾವ ಹೊತ್ತಿನ ಬೆಳಕು ಚೆನ್ನ ಎಂದು ಅವಳು ಹೇಳಿದಳು. ಲಿಫ್ಟಿನೊಳಗೆ ಸಿಕ್ಕಿಬಿದ್ದವರು ಹೊರಗೆ ಬಂದ ಮೇಲೆ ಮೊದಲು ಬೈಯುತ್ತಾರೆ, ಆಮೇಲೆ ಅಳುತ್ತಾರೆ ಎಂದು ಅವನು ಹೇಳಿದ. ಮಾತು ಮುಂದುವರಿದಷ್ಟೂ ಆ ಒಂದು ಸತ್ಯ ಅವಳ ಗಂಟಲಲ್ಲೇ ಉಳಿಯಿತು. ಹೇಳಿದರೆ ಇವನು ಹೊರಟು ಹೋದರೆ?

"ನಿಮ್ಮ ಹತ್ರ ಮಾತಾಡೋದು ಎಷ್ಟು ಸುಲಭ," ಅಂದ ಅವನು ಮೆಲ್ಲಗೆ. "ಆ ಮೇಡಂ ನಿಮ್ಮ ಹಾಗೆ ಇದ್ದಿದ್ರೆ…"

"ನೋಡಿ, ನಾನು ನಿಮಗೆ ಒಂದು ವಿಷಯ—"

"ಇನ್ನೂ ಇದೇ ವೇಷದಲ್ಲಿ ನಿಂತಿದೀಯಲ್ಲೇ!"

ಬಾಗಿಲಲ್ಲಿ ಚಿಕ್ಕಮ್ಮ! ಕೈಯಲ್ಲಿ ಹೊಸ ಬಟ್ಟೆಯ ಚೀಲ. ಚಿತ್ರ ನೋಡುತ್ತ ನಿಂತವನ ಬೆನ್ನು ಮಾತ್ರ ಅವಳಿಗೆ ಕಾಣುತ್ತಿತ್ತು.

"ಬೇಗ ಬಟ್ಟೆ ಬದಲಾಯಿಸು. ಕೂದಲು ಬಿಚ್ಚು. ನೀನು ಅಧಿಕಾರಿ ಅಂತ ಹೇಳಿದೀನಿ, ಬಾಯಿ ತಪ್ಪಿ ಏನೂ ಅನ್ನಬೇಡ. ಈ ಟೋಪೀಲಿ ನೋಡಿದ್ರೆ ಆ ಹುಡುಗ ಓಡೇ ಹೋಗ್ತಾನೆ!"

ಅವನು ತಿರುಗಿದ. ಮುಖದಲ್ಲಿ ಒಂದು ತೊಟ್ಟು ರಕ್ತವಿರಲಿಲ್ಲ.

"ಅಂದ್ರೆ… ನೀವೇನಾ?"

"ಒಂದು ನಿಮಿಷ, ನಾನು ಹೇಳೋಕೇ ಹೊರಟಿದ್ದೆ…"

"ನನ್ನ ಬಾಯಿ ಬಿಡಿಸಿ, ಮಜಾ ನೋಡ್ತಿದ್ರಾ?" ಅವನು ಎರಡೂ ಕೈಗಳನ್ನು ಜೇಬಿಗೆ ತುರುಕಿಕೊಂಡ. "ಗ್ರೀಸ್ ಕೈಯನ್ನೂ ತೋರಿಸಿಬಿಟ್ಟೆ ನಿಮಗೆ…"

ಅಷ್ಟೇ. ಅವನು ನಡೆದುಬಿಟ್ಟ. ಪಕ್ಕದ ಕೋಣೆ, ಅದರಾಚೆಯ ಉದ್ದನೆಯ ಹಜಾರ…

ಚಿಕ್ಕಮ್ಮ ತಲೆಗೆ ಕೈ ಹೊತ್ತಳು. "ಅಯ್ಯೋ, ಅವನೇನಾ ಹುಡುಗ? ಓಡೇ, ಹಿಡಿ ಹೋಗು! ಕೆಲಸ ಹೋದ್ರೆ ಹೋಗಲಿ, ಹೇಗೂ ಮದುವೆ ಆದ್ಮೇಲೆ ಬಿಡೋದೇ ತಾನೇ?"

"ಬಿಡಲ್ಲ!"

"ಏನಂದೆ?"

"ಕೆಲಸಾನೂ ಬಿಡಲ್ಲ, ಅವರನ್ನೂ ಬಿಡಲ್ಲ ಚಿಕ್ಕಮ್ಮ."

"ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತ ದೊಡ್ಡವರೇ ಹೇಳಿದಾರೆ ಕಣೇ…"

"ಮದುವೆ ಮಾಡಿ ನೀನು ಮನೆಗೆ ಹೋಗ್ತೀಯ. ಆ ಸಾವಿರ ಸುಳ್ಳಿನ ಜೊತೆ ಸಂಸಾರ ಮಾಡೋಳು ನಾನು!"

ಅವಳು ಟೋಪಿ ಸರಿಮಾಡಿಕೊಂಡು ಬಾಗಿಲ ಅಂಚಿಗೆ ಬಂದು ನಿಂತಳು. ಒಂದು ಹೆಜ್ಜೆ ಆಚೆ ಇಡಲಿಲ್ಲ. ಹಜಾರದ ಕೊನೆಯಲ್ಲಿ ಅವನು ಮೆಟ್ಟಿಲು ತಲುಪಿದ್ದ. ಅವಳು ಎದೆ ತುಂಬ ಉಸಿರೆಳೆದುಕೊಂಡಳು.

"ಲಿಫ್ಟಿನವರೇ! ನಿಲ್ರೀ!"

ಇಡೀ ಮಹಡಿ ಬೆಚ್ಚಿಬಿತ್ತು. ನೋಡುಗರೆಲ್ಲ ಚಿತ್ರ ಬಿಟ್ಟು ಇವಳ ಕಡೆ ತಿರುಗಿದರು. ಪಕ್ಕದ ಕೋಣೆಯ ಹಿರಿಯ ಸೆಕ್ಯೂರಿಟಿ ಗಾಬರಿಯಿಂದ ತುಟಿಗೆ ಬೆರಳಿಟ್ಟ. ಅವಳು ಅವನಿಗೆ ಅಡ್ಡ ತಲೆಯಾಡಿಸಿದಳು.

"ನಾನು ಅಧಿಕಾರಿ ಅಲ್ಲ! ಆ ಸುಳ್ಳು ನಂದಲ್ಲ, ನಿಮ್ಮ ಬಾಯಲ್ಲೇ ಮೊದಲು ಕೇಳಿದ್ದು! ಗೊತ್ತಾದ ಮೇಲೂ ಸುಮ್ಮನಿದ್ದೆನಲ್ಲ, ಅದು ಮಾತ್ರ ನನ್ನ ತಪ್ಪು! ಮಜಾ ನೋಡಲಿಲ್ಲ ರೀ… ಹೇಳಿದ್ರೆ ಹೊರಟು ಹೋಗ್ತೀರಿ ಅಂತ ಭಯ ಆಯ್ತು!"

ಅವನು ಮೆಟ್ಟಿಲ ಮೇಲೆ ನಿಂತಿದ್ದ. ತಿರುಗಿರಲಿಲ್ಲ.

"ನೀವು ನಂಗೆ ಇಷ್ಟ! ಆದ್ರೆ ನಿಮ್ಮ ಹಿಂದೆ ಓಡಿ ಬರಲ್ಲ. ಇದು ನನ್ನ ಕೋಣೆ, ಬಿಟ್ಟು ಬರಲ್ಲ! ಬೇಕಿದ್ರೆ ನೀವೇ ಬನ್ನಿ!"

ಗೋಡೆಗಳಿಗೆ ಬಡಿದು ಅವಳ ದನಿ ಅವಳಿಗೇ ವಾಪಸ್ ಬಂತು. ಚಿಕ್ಕಮ್ಮ ಚೀಲವನ್ನು ಎದೆಗವಚಿಕೊಂಡು ಗೋಡೆಗೆ ಒರಗಿದ್ದಳು. ಇವಳ ಕಣ್ಣು ತುಂಬಿತ್ತು. ಆದರೂ ತಲೆ ತಗ್ಗಿಸಲಿಲ್ಲ. ಹೋಗುವುದಾದರೆ ಹೋಗಲಿ… ಇರುವುದನ್ನು ಇದ್ದ ಹಾಗೆ ಹೇಳಿಯಾಗಿತ್ತು.

ಅವನು ತಿರುಗಿದ.

ನಿಧಾನಕ್ಕೆ ಹಜಾರ ದಾಟಿ, ಜನರ ನಡುವೆ ದಾರಿ ಮಾಡಿಕೊಂಡು ಬಂದು, ಬಾಗಿಲ ಆಚೆ ನಿಂತ.

"ಇಷ್ಟು ಜೋರಾಗಿ ಕೂಗಿದ್ರೆ ಕೆಲಸ ಉಳಿಯುತ್ತಾ?"

"ಮೆಮೋ ಕೊಡ್ತಾರೆ, ತಗೋತೀನಿ. ಕೋಣೆ ಬಿಟ್ಟಿಲ್ಲವಲ್ಲ, ತೆಗೆದುಹಾಕೋ ಹಾಗಿಲ್ಲ."

"ಮಾನ ಹೋಯ್ತಲ್ಲ?"

"ನಿಮ್ಮದಾ, ನಂದಾ?"

ಅವನ ತುಟಿಯಂಚು ಅಲುಗಿತು. "ನಾನು ಒಪ್ಪಿಗೆ ಇಲ್ಲ ಅಂತ ಹೇಳೋಕೆ ಬಂದಿದ್ದು ಆ ಅಧಿಕಾರಿ ಮೇಡಂಗೆ. ಅವರು ಸಿಗಲೇ ಇಲ್ಲ ಅಂತ ಮನೇಲಿ ಹೇಳ್ತೀನಿ."

"ಆಮೇಲೆ?"

"ಸೆಕ್ಯೂರಿಟಿಯೊಬ್ಬರು ಸಿಕ್ಕಿದ್ರು. ಅವರಿಗೆ ನನ್ನ ಒಪ್ಪಿಗೆ ಇದೆ… ಅವರಿಗೆ ಈ ಗ್ರೀಸ್ ಕೈ ಆಗುತ್ತಾ, ಕೇಳ್ಬೇಕು."

ಅವಳು ಬಾಗಿಲ ಈಚೆಯಿಂದಲೇ ಕೈ ಚಾಚಿ ಅವನ ಕೈ ಹಿಡಿದಳು.

ಚಿಕ್ಕಮ್ಮ ಕೆಮ್ಮಿದಳು. ಇಬ್ಬರೂ ಕೇಳಿಸಿಕೊಳ್ಳಲಿಲ್ಲ.

"ಡ್ಯೂಟಿ ಮುಗಿಯೋ ತನಕ ಹೊರಗಡೆ ಕಾಯ್ತೀನಿ," ಅಂದ ಅವನು.

"ಹೊರಗಡೆ ಯಾಕೆ? ಟಿಕೆಟ್ ತಗೊಂಡಿದೀರಲ್ಲ… ಒಳಗಿದ್ದು ನೋಡಿ."

"ಚಿತ್ರಗಳನ್ನೇನಾ?"

"ಅದನ್ನೂ ನಾನೇ ಹೇಳಿಕೊಡ್ಬೇಕಾ?"