ಹನ್ನೊಂದನೆಯ ಟುಲಿಪ್

ನಾವು ದೆಮ್ಯಾನ್‌ನ ಮನೆ ಬಾಗಿಲು ಒಡೆದು ಒಳಗೆ ನುಗ್ಗಿದಾಗ ಅವನು ಸ್ನಾನ ಮಾಡುತ್ತಿದ್ದ.

ಅದೇ ನನ್ನ ಅವನ ಮೊದಲ ಭೇಟಿ. ಟವೆಲ್ ಸುತ್ತಿಕೊಂಡು, ತಲೆ ತುಂಬ ಸೋಪಿನ ನೊರೆ ಹೊತ್ತು ಹೊರಗೆ ಬಂದವನು ಮೊದಲು ನೆಲಕ್ಕೊರಗಿದ್ದ ಬಾಗಿಲನ್ನು ನೋಡಿದ. ಆಮೇಲೆ ಹಾರೆ ಹಿಡಿದು ಏದುಸಿರು ಬಿಡುತ್ತಿದ್ದ ಖೋಮಾ ಮಾಮನನ್ನು. ಕೊನೆಗೆ ನನ್ನನ್ನು.

"ಬಾಗಿಲು ತಟ್ಟೋ ಅಭ್ಯಾಸ ಇಲ್ವಾ ನಿಮಗೆ?"

"ಹದಿನೈದು ಸಲ ತಟ್ಟಿದ್ವಿ. ನಾನೇ ಎಣಿಸಿದೀನಿ."

"ನೀವು ಯಾರು?"

"ಯಾರಿನಾ. ಸೈನ್ಯದಲ್ಲಿ ಜೀರಿಗೆ ಅಂತ ಕರೀತಿದ್ರು." ನಾನು ಗೋಡೆ ಕಡೆ ಮುಖ ತಿರುಗಿಸಿಕೊಂಡೇ ಹೇಳಿದೆ. "ಒಂಬತ್ತಕ್ಕೆ ಪ್ಲಸ್ ಹಾಕಿ ಅಂತ ನಿನ್ನೆ ಮೆಸೇಜ್ ಮಾಡಿದ್ದೆನಲ್ಲ, ಓದ್ಲಿಲ್ವಾ?"

"ಓದಿದೆ. ತಮಾಷೆ ಅನ್ಕೊಂಡೆ."

"ಈಗ?"

ಅವನು ಇನ್ನೊಮ್ಮೆ ಬಾಗಿಲಿನ ಕಡೆ ನೋಡಿದ. "ಈಗ ಹಂಗನ್ನಿಸ್ತಿಲ್ಲ," ಅಂದ.

ಯುದ್ಧದಲ್ಲಿದ್ದಾಗ ಫೋನಿನಲ್ಲಿ ಒಂದು ಪ್ಲಸ್ ಗುರುತು ಬಂದರೆ 'ಜೀವಂತ ಇದ್ದೇನೆ' ಎಂದರ್ಥ. ಸೈನ್ಯ ಬಿಟ್ಟು ನಮ್ಮೂರು ವಿನ್ನಿತ್ಸ್ಯಾಗೆ ವಾಪಸಾದ ಮೇಲೂ ನಾವು ಇಪ್ಪತ್ತಮೂರು ಜನ ಅದನ್ನು ಬಿಟ್ಟಿಲ್ಲ. ಹೊಸದಾಗಿ ವಾಪಸಾದವರನ್ನು ನಾವೇ ಹುಡುಕಿ ಗ್ರೂಪಿಗೆ ಸೇರಿಸುತ್ತೇವೆ; ದೆಮ್ಯಾನ್ ಇಪ್ಪತ್ತಮೂರನೆಯವನು. ಬೆಳಿಗ್ಗೆ ಒಂಬತ್ತಕ್ಕೆ ನಾನು ಗ್ರೂಪಿನಲ್ಲಿ ಹಾಜರಿ ಕರೆಯುತ್ತೇನೆ. ಹನ್ನೆರಡರೊಳಗೆ ಯಾರ ಪ್ಲಸ್ ಬರಲಿಲ್ಲವೋ ಅವರ ಬಾಗಿಲಿಗೆ ನಾವೇ ಹೋಗುತ್ತೇವೆ. ಗುಂಡು ತಪ್ಪಿಸಿಕೊಂಡು ಬಂದವರು ಸ್ವಂತ ಮನೆಯ ಸೋಫಾದಲ್ಲಿ ಕೂತು ಮುಳುಗಿಹೋದದ್ದನ್ನು ಕಂಡವರು ನಾವು. ಅದಕ್ಕೇ ಹಾರೆ. ಖೋಮಾ ಮಾಮ ಫಿರಂಗಿ ದಳಕ್ಕೆ ಹೋಗುವ ಮುಂಚೆ ಬಡಗಿಯಾಗಿದ್ದವನು. ಒಡೆದದ್ದನ್ನು ಅದೇ ಸಂಜೆ ಸರಿಮಾಡಿಯೂ ಕೊಡುತ್ತಾನೆ.

ಮರುದಿನ ದೆಮ್ಯಾನ್ ನಮ್ಮ ಅಡ್ಡೆಗೆ ಬಂದ. ಟ್ರಾಮ್ ಹಳಿಗಳ ಪಕ್ಕದ ಹಳೇ ದರ್ಜಿ ಅಂಗಡಿ ಅದು. ಬಲಗಾಲು ಸ್ವಲ್ಪ ಎಳೆಯುತ್ತ, ಕೈಯಲ್ಲೊಂದು ಗಸಗಸೆ ರೋಲ್ ಹಿಡಿದು ಬಂದಿದ್ದ.

"ಬಾಗಿಲು ಒಡೆದೋರಿಗೆ ಲಂಚ," ಅಂದ.

"ಲಂಚ ತಗೊಂಡ್ರೂ ಪ್ಲಸ್ ಹಾಕ್ಲಿಲ್ಲ ಅಂದ್ರೆ ಮತ್ತೆ ಒಡೀತೀವಿ," ಅಂದೆ.

"ಹಾಗಾದ್ರೆ ಸ್ನಾನದ ಟೈಮ್ ಬದಲಾಯಿಸ್ತೀನಿ."

ಖೋಮಾ ಮಾಮ ಚಹಾ ಕುಡಿಯುವುದು ಬಿಟ್ಟು ನಮ್ಮಿಬ್ಬರ ಮುಖ ನೋಡತೊಡಗಿದ. ಆ ಮುದುಕನ ಮೀಸೆಯ ತುದಿ ಕುಣಿಯಿತೆಂದರೆ ಊರಿಗೆಲ್ಲ ಸುದ್ದಿ ಹೋಯಿತೆಂದೇ ಲೆಕ್ಕ.

ಎರಡು ವಾರ ಕಳೆದಿರಬೇಕು. ಲೋಟ ತೊಳೆಯುತ್ತಿದ್ದ ನನ್ನ ಪಕ್ಕಕ್ಕೆ ಬಂದು ನಿಂತು ದೆಮ್ಯಾನ್ ಮೆಲ್ಲಗೆ ಕೇಳಿದ, "ದಿನಾ ನೋಡ್ತಿದೀನಿ. ಇಪ್ಪತ್ತೆರಡೇ ಪ್ಲಸ್ ಬೀಳುತ್ತೆ. ನಿಮ್ಮದು ಎಲ್ಲಿ?"

"ಎಣಿಸೋಳೇ ನಾನು. ಎಣಿಸ್ತಿದೀನಿ ಅಂದ್ರೆ ಇದೀನಿ ಅಂತ ತಾನೇ?"

"ಅದು ಉತ್ತರ ಅಲ್ಲ."

"ಲೋಟ ಒರೆಸಿ," ಅಂದೆ. ಅವನು ಒರೆಸಿದ. ಆದರೆ ಆ ಪ್ರಶ್ನೆ ನನ್ನ ಎದೆಯಲ್ಲಿ ಮುಳ್ಳಿನ ಹಾಗೆ ಉಳಿಯಿತು.

ಯುದ್ಧದಲ್ಲಿ ಗಾಯಾಳುಗಳನ್ನು ಹೊತ್ತು ತರುವ ತಂಡ ನನ್ನದಾಗಿತ್ತು. ಐದು ಜನ. ನಾಲ್ವರನ್ನು ಮಣ್ಣು ಮಾಡಿ ಬಂದವಳು ನಾನು. ಆ ನಾಲ್ಕು ಹೆಸರಿನ ಮುಂದೆ ಇಲ್ಲದ ಗುರುತನ್ನು ನನ್ನ ಹೆಸರಿನ ಮುಂದೆ ಹಾಕಿಕೊಳ್ಳುವುದು ಮೋಸ ಎನಿಸುತ್ತಿತ್ತು. ಆ ನಾಲ್ವರ ಸಾವು ಖೋಮಾ ಮಾಮನಿಗೆ ಗೊತ್ತಿತ್ತು; ಈ ಮೋಸದ ಮಾತನ್ನು ಮಾತ್ರ ನಾನು ಯಾರಿಗೂ ಹೇಳಿರಲಿಲ್ಲ.

ದೆಮ್ಯಾನ್ ಯುದ್ಧಕ್ಕೆ ಮುಂಚೆ ಒಂಬತ್ತು ವರ್ಷ ಟ್ರಾಮ್ ಓಡಿಸಿದ್ದವನು. ಈಗ ಹತ್ತಲೂ ಆಗುತ್ತಿರಲಿಲ್ಲ.

"ತಿರುವಿನಲ್ಲಿ ಚಕ್ರ ಕಿರುಗುಟ್ಟುತ್ತಲ್ಲ, ಆ ಸದ್ದು ಕೇಳಿದ್ರೆ ಸಾಕು, ಶೆಲ್ ಬಂತು ಅಂತ ನೆಲಕ್ಕೆ ಬೀಳೋಕೆ ಜಾಗ ಹುಡುಕ್ತೀನಿ," ಅಂದಿದ್ದ.

"ಬನ್ನಿ. ಒಂದೇ ಸ್ಟಾಪ್."

ಆ ಒಂದು ಸ್ಟಾಪಿಗೆ ನನ್ನ ಕೋಟಿನ ತೋಳು ಎಷ್ಟು ಬಿಗಿಯಾಗಿ ಹಿಡಿದನೆಂದರೆ ಗುಂಡಿ ಕಿತ್ತುಬಂತು. ಮುಂದಿನ ವಾರ ಎರಡು ಸ್ಟಾಪ್. ಆಮೇಲೆ ನಾಲ್ಕು. ತೋಳು ಹಿಡಿಯುತ್ತಿದ್ದ ಕೈ ಕಂಬಿಗೆ ಹೋಯಿತು, ನನ್ನ ಕೈಗಿಂತ ಒಂದು ಬೆರಳು ಮೇಲಕ್ಕೆ. ತಿರುವು ಬಂದಾಗಲೆಲ್ಲ ಅದು ಜಾರಿ ನನ್ನ ಬೆರಳುಗಳ ಮೇಲೆ ಕೂರುತ್ತಿತ್ತು. ತಿರುವು ದಾಟಿದ ಮೇಲೆಯೂ ಸ್ವಲ್ಪ ಹೊತ್ತು ಅಲ್ಲೇ ಇರುತ್ತಿತ್ತು. ನಾನು ತಿರುವುಗಳಿಗಾಗಿ ಕಾಯತೊಡಗಿದೆ. ನಾಚಿಕೆ ಬಿಟ್ಟು ಹೇಳುತ್ತೇನೆ.

ಅವನು ಕಿಟಕಿಯ ಗಾಜಿನಲ್ಲಿ ನನ್ನನ್ನು ನೋಡುತ್ತಿದ್ದ. ಅದೇ ಗಾಜಿನಲ್ಲಿ ನನಗೂ ಅದು ಕಾಣುತ್ತಿತ್ತು.

"ನೋಡೋದಿದ್ರೆ ನೇರವಾಗಿ ನೋಡಿ. ಗಾಜಿಗೆ ಯಾಕೆ ತೊಂದರೆ?"

"ಗಾಜಿನಲ್ಲಿರೋ ಯಾರಿನಾ ಬೈಯಲ್ಲ," ಅಂದ.

ಏಪ್ರಿಲ್‌ನ ಒಂದು ಮಧ್ಯಾಹ್ನ ಏಳೂ ಸ್ಟಾಪ್ ದಾಟಿ ಕೊನೆಯ ನಿಲ್ದಾಣ ಮುಟ್ಟಿದೆವು. ಇಳಿದವನೇ "ಎರಡು ನಿಮಿಷ" ಎಂದು ಹೂವಿನಂಗಡಿಗೆ ಹೋದ. ಹಳದಿ ಟುಲಿಪ್‌ಗಳ ಕಟ್ಟು ಹಿಡಿದು ವಾಪಸು ಬಂದ. ಕಿವಿಯವರೆಗೂ ಕೆಂಪಾಗಿದ್ದ. ಯಾವುದೋ ಮಾತು ಬಾಯಿಪಾಠ ಮಾಡಿಕೊಂಡು ಬಂದವನಂತಿದ್ದ.

ನನ್ನದು ಹಾಳು ಚಟ. ಎಣಿಸಿಬಿಟ್ಟೆ. ಹತ್ತು.

ನಮ್ಮಲ್ಲಿ ಬದುಕಿರುವವರಿಗೆ ಮೂರು ಕೊಡುತ್ತಾರೆ, ಐದು ಕೊಡುತ್ತಾರೆ, ಏಳು ಕೊಡುತ್ತಾರೆ. ಸರಿಸಂಖ್ಯೆಯ ಹೂವು ಸಮಾಧಿಗೆ. ಚಿಕ್ಕ ಮಕ್ಕಳಿಗೂ ಗೊತ್ತಿರುವ ವಿಷಯ.

ನನ್ನ ಮುಖ ನೋಡಿ ಅವನೂ ಎಣಿಸಿದ. ಮುಖದಲ್ಲಿದ್ದ ಕೆಂಪೆಲ್ಲ ಇಳಿದುಹೋಯಿತು.

"ಯಾರಿನಾ, ನಾನು... ಮೂರು ವರ್ಷದಿಂದ ಹೂವು ತಗೊಂಡಿದ್ದೆಲ್ಲ ಹುಡುಗರ ಸಮಾಧಿಗೇ. ಬಾಯಿಗೆ ಅದೇ ಲೆಕ್ಕ ಬಂದುಬಿಡ್ತು. ಕೊಡಿ, ಬದಲಾಯಿಸ್ಕೊಂಡು ಬರ್ತೀನಿ."

"ಬೇಡ. ನನಗೆ ಇದೇ ಸರಿಯಾದ ಲೆಕ್ಕ," ಅಂದೆ. ಹೂವು ಹಿಡಿದು ಹೊರಟುಬಿಟ್ಟೆ.

ಅವನು ಒಬ್ಬನೇ ಟ್ರಾಮ್ ಹತ್ತಲಾರ ಎನ್ನುವುದು ಮನೆ ಮುಟ್ಟಿದ ಮೇಲೆ ನೆನಪಾಯಿತು. ಹೂವನ್ನು ಅಡುಗೆಮನೆಯ ಸಿಂಕಿನಲ್ಲಿಟ್ಟು ಅತ್ತೆ. ಸಿಟ್ಟು ಅವನ ಮೇಲೆ ಇರಲಿಲ್ಲ. ಅವನು ಕೊಡಲು ಬಂದಿದ್ದ ಆ ಮಾತು ನನಗೆ ಬೇಕಿತ್ತು, ತುಂಬ ಬೇಕಿತ್ತು. ಬೇಕು ಅನ್ನುವುದಕ್ಕೆ ಮೊದಲು ನಾನು ಬದುಕಿರುವವರ ಪಟ್ಟಿಗೆ ಸೇರಬೇಕಿತ್ತು.

ಮರುದಿನ ಒಂಬತ್ತಾಯಿತು. ನಾನು ಹಾಜರಿ ಕರೆಯಲಿಲ್ಲ. ಫೋನನ್ನು ಚಮಚಗಳ ಡ್ರಾಯರಿನೊಳಗೆ ಹಾಕಿ ಕೂತೆ. ನನ್ನನ್ನು ಎಣಿಸುವವರು ಯಾರೂ ಇಲ್ಲ. ನಿಯಮ ಮಾಡಿದವಳು ನಾನೇ.

ಒಂಬತ್ತೂವರೆಗೆ ಬಾಗಿಲು ತಟ್ಟಿದ ಸದ್ದು.

"ಒಂದು," ಎಂದಿತು ಹೊರಗಿನಿಂದ ದೆಮ್ಯಾನ್‌ನ ದನಿ. "ಎರಡು."

ನಾನು ಅಲುಗಾಡಲಿಲ್ಲ.

"ಏಳು. ಎಂಟು. ಖೋಮಾ ಮಾಮ, ಹಾರೆ ರೆಡಿ ಇಟ್ಕೊಳ್ಳಿ."

"ಅದು ಯಾವತ್ತೂ ರೆಡಿನೇ ಕಣಯ್ಯ."

"ಹನ್ನೊಂದು. ಯಾರಿನಾ, ಸೋಪು ಹಚ್ಕೊಂಡಿದ್ರೆ ತೊಳ್ಕೊಂಡುಬಿಡಿ, ನನಗಾದ ಗತಿ ನಿಮಗೆ ಬೇಡ. ಹನ್ನೆರಡು."

ಅಳುತ್ತಿದ್ದವಳಿಗೆ ನಗು ಬಂತು. ಎದ್ದೆ. ಹದಿನಾಲ್ಕಕ್ಕೆ ಚಿಲಕ ತೆಗೆದೆ.

"ಛೇ, ಇನ್ನೊಂದೇ ಬಾಕಿ ಇತ್ತು," ಎಂದು ಖೋಮಾ ಮಾಮ ಹಾರೆ ಕೆಳಗಿಳಿಸಿದ. ಅವನ ಹಿಂದೆ ಮೆಟ್ಟಿಲುಗಳ ಉದ್ದಕ್ಕೂ ನಮ್ಮವರೆಲ್ಲ ಸಾಲಾಗಿ ನಿಂತಿದ್ದರು. ಎಲ್ಲರ ಮುಂದೆ ದೆಮ್ಯಾನ್. ಅವನ ಕೈಯಲ್ಲಿ ಒಂದೇ ಒಂದು ಹಳದಿ ಟುಲಿಪ್.

"ಮಧ್ಯಾಹ್ನ ಹನ್ನೆರಡರವರೆಗೆ ಕಾಯಬೇಕು ಅಂತ ನಿಯಮ," ಅಂದೆ.

"ಅದು ಬೇರೆಯವರಿಗೆ. ಇದು ಹನ್ನೊಂದನೇದು. ನಿನ್ನೆಯದರ ಜೊತೆ ಸೇರಿಸಿ."

"ಇಷ್ಟು ಬೇಗ ಹೆಂಗೆ ಬಂದ್ರಿ?"

"ಟ್ರಾಮ್‌ನಲ್ಲಿ." ಅವನ ಹಣೆಯಲ್ಲಿ ಬೆವರಿತ್ತು. "ನಿನ್ನೆ ನಡ್ಕೊಂಡೇ ಮನೆಗೆ ಹೋದೆ. ಇವತ್ತು ನಡೆದ್ರೆ ತಡ ಆಗುತ್ತೆ ಅನ್ನಿಸ್ತು. ಹತ್ತಿದೆ. ಪಕ್ಕದಲ್ಲಿ ಕೂತಿದ್ದ ಅಜ್ಜಿಯ ಬೀಟ್‌ರೂಟ್ ಚೀಲ ಗಟ್ಟಿಯಾಗಿ ಹಿಡ್ಕೊಂಡಿದ್ದೆ. ಅಜ್ಜಿ ಬೈತಾನೇ ಇದ್ರು, ನಾನು ಕೊನೇವರೆಗೂ ಬಿಡ್ಲಿಲ್ಲ."

ಮೆಟ್ಟಿಲ ಮೇಲಿದ್ದವರೆಲ್ಲ ನಕ್ಕರು. ಅವನು ನಗಲಿಲ್ಲ.

"ನಿಮ್ಮ ನಾಲ್ಕು ಜನರ ವಿಷಯ ಇವತ್ತು ಮಾಮ ಹೇಳಿದ್ರು. ಅವರ ಸಮಾಧಿಗೆ ಸರಿಸಂಖ್ಯೆಯಲ್ಲೇ ಹೂವು ತಗೊಂಡು ಹೋಗೋಣ, ಜೊತೇಲಿ ನಾನೂ ಬರ್ತೀನಿ. ಆದ್ರೆ ನೀವು ಅವರ ಲೆಕ್ಕದಲ್ಲಿಲ್ಲ. ನಂಗೆ ನೀವು ಬೇಕು, ಯಾರಿನಾ. ಹಾಜರಿ ಕರೆಯೋಕಲ್ಲ. ದಿನಾ ಬೆಳಿಗ್ಗೆ ಎದುರಿಗೆ ಕೂತು ಬೈಯೋಕೆ."

ನಾನು ಟುಲಿಪ್ ತೆಗೆದುಕೊಂಡೆ. ಈ ಸಲ ಅವನು ಗಾಜಿನಲ್ಲಲ್ಲ, ನೇರವಾಗಿ ನನ್ನನ್ನೇ ನೋಡುತ್ತಿದ್ದ.

"ಒಳಗೆ ಬಾ," ಅಂದೆ. "ನೀವು" ಎನ್ನುವುದು ಅಲ್ಲಿಗೆ ಮುಗಿಯಿತು.

"ನಾವು?" ಎಂದ ಖೋಮಾ ಮಾಮ.

"ನೀವು ಪ್ಲಸ್ ಹಾಕಿ ಮನೆಗೆ ಹೋಗಿ ಮಾಮ."

ಡ್ರಾಯರಿನಿಂದ ಫೋನ್ ತೆಗೆದು ಹಾಜರಿ ಕರೆದೆ. ಮೊದಲ ಪ್ಲಸ್ ನನ್ನದು. ಮೆಟ್ಟಿಲ ಮೇಲೆ ಇಪ್ಪತ್ತೆರಡು ಫೋನ್‌ಗಳು ಒಟ್ಟಿಗೆ ಸದ್ದು ಮಾಡಿದವು. ಯಾರೋ ಶಿಳ್ಳೆ ಹೊಡೆದರು. ಪಕ್ಕದ ಮನೆಯಾಕೆ ಹೊರಗೆ ಬಂದು ಎಲ್ಲರಿಗೂ ಬೈದಳು.

ಸೆಪ್ಟೆಂಬರಿನಲ್ಲಿ ದೆಮ್ಯಾನ್ ಚಾಲಕರ ಪರೀಕ್ಷೆ ಪಾಸಾದ. ಅವನ ಮೊದಲ ಡ್ಯೂಟಿಯ ದಿನ ನಾವೆಲ್ಲ ದರ್ಜಿ ಅಂಗಡಿಯ ಮುಂದೆ ಹಳಿಗಳ ಪಕ್ಕ ನಿಂತಿದ್ದೆವು. ಖೋಮಾ ಮಾಮ ಇಸ್ತ್ರಿ ಮಾಡಿದ ಅಂಗಿ ಹಾಕಿದ್ದ. ಒಂಬತ್ತು ಹೊಡೆಯಿತು. ಇಪ್ಪತ್ತೆರಡು ಪ್ಲಸ್ ಬಿದ್ದವು, ನನ್ನದೂ ಸೇರಿ. ಟ್ರಾಮ್ ಓಡಿಸುವವರು ಫೋನ್ ಮುಟ್ಟುವ ಹಾಗಿಲ್ಲ.

ಆಗ ತಿರುವಿನಲ್ಲಿ ಚಕ್ರ ಕಿರುಗುಟ್ಟಿತು. ನಾನು ಖೋಮಾ ಮಾಮನ ತೋಳು ಹಿಡಿದೆ. ಟ್ರಾಮ್ ಒಂದಿಷ್ಟೂ ತಡವರಿಸದೆ ತಿರುವು ದಾಟಿ ನಮ್ಮ ಕಡೆ ಬಂತು. ಗಾಜಿನ ಹಿಂದೆ ದೆಮ್ಯಾನ್ ನೇರವಾಗಿ ಕೂತಿದ್ದ. ನಮ್ಮೆದುರು ಹಾದುಹೋಗುವಾಗ ಬೆಲ್ ಹೊಡೆದ, ಒಂದೇ ಸಲ, ಬೀದಿಗೆಲ್ಲ ಕೇಳುವ ಹಾಗೆ.

ನಮ್ಮವರು ಕೂಗಿದ ಕೂಗಿಗೆ ಪಾರಿವಾಳಗಳು ಹಾರಿಹೋದವು. ನಾನು ಕಣ್ಣು ಒರೆಸಿಕೊಂಡು, ಅವನ ಹೆಸರಿನ ಮುಂದೆ ಪ್ಲಸ್ ಹಾಕಿದೆ.