ನೀಲಿಯಾದ ಸೇವಂತಿಗೆ

ತುಂತುರು ಯಂತ್ರ ದಾಸವಾಳದ ಸಾಲಿನ ಮೇಲೆ ಸದ್ದಿಲ್ಲದೆ ಹಾದುಹೋಯಿತು. ಹೂಗಳ ಮೇಲೆ ಮಂಜಿನಂಥ ತೆಳುಪೊರೆಯೊಂದು ಕುಳಿತಿತು. ಡಾ. ಸುಧನ್ವ ಕೈಯಲ್ಲಿದ್ದ ನಿಯಂತ್ರಕದ ಗುಂಡಿ ಒತ್ತಿದ. ಕೆಂಪು ದಾಸವಾಳಗಳೆಲ್ಲ ನೋಡುನೋಡುತ್ತಿದ್ದಂತೆ ಕಡುನೀಲಿಗೆ ತಿರುಗಿದವು. ಆಚೆಗಿನ ಸೇವಂತಿಗೆ, ಗುಲಾಬಿ, ಚೆಂಡುಹೂಗಳು ಮಧ್ಯಾಹ್ನವೇ ನೀಲಿಯಾಗಿದ್ದವು. ಧಾರವಾಡದ ಹೊರವಲಯದಲ್ಲಿ ಹಳೆಯ ಕಲ್ಲುಗಣಿಯ ಸುತ್ತ ಬೆಳೆಸಿದ ಆ ಉದ್ಯಾನ ಮರುದಿನದ ಪುಷ್ಪ ಪ್ರದರ್ಶನಕ್ಕೆ ಸಿದ್ಧವಾಗಿತ್ತು.

ಸುಧನ್ವ ಈ ಬಣ್ಣಕ್ಕೆ ಛಾಯಾಲೇಪವೆಂದು ಹೆಸರಿಟ್ಟಿದ್ದ. ಇದರಲ್ಲಿ ಬಣ್ಣದ ಪುಡಿಯೇ ಇರಲಿಲ್ಲ. ಚಿಟ್ಟೆಯ ರೆಕ್ಕೆಯ ಮೇಲಿರುವಂಥ ಸೂಕ್ಷ್ಮ ಹುರುಪೆಗಳು ದಳಗಳಿಗೆ ಅಂಟಿಕೊಳ್ಳುತ್ತಿದ್ದವು. ರೇಡಿಯೋ ಸಂಕೇತ ಬಂದಾಗ ಅವು ಒಟ್ಟಾಗಿ ವಾಲಿ, ಬೇಕಾದ ಬಣ್ಣದ ಬೆಳಕನ್ನಷ್ಟೇ ಹಿಂದಿರುಗಿಸುತ್ತಿದ್ದವು. ಹೂವಿಗೆ ಹಾನಿಯಿಲ್ಲ, ದುಂಬಿಗೂ ಹಾನಿಯಿಲ್ಲ. ಎಂಟು ವರ್ಷ ದುಡಿದು ಅವನು ಇವೆರಡನ್ನೂ ಖಚಿತಪಡಿಸಿಕೊಂಡಿದ್ದ.

ಸಂಜೆಯ ಬಿಸಿಲು ಇಳಿಯುವ ಹೊತ್ತಿಗೆ ಹೆಂಗಸೊಬ್ಬಳು ಓಡುತ್ತ ಬಂದಳು. ಹೆಸರು ರೇವತಿ, ಉದ್ಯಾನದ ಪಕ್ಕದ ಬಡಾವಣೆಯವಳು. ವಾಯುವಿಹಾರಕ್ಕೆಂದು ಬಂದ ಅವಳ ಅತ್ತೆ ಬಸಲಿಂಗವ್ವ ಮನೆಗೆ ಮರಳಿರಲಿಲ್ಲ. ಅತ್ತೆಗೆ ಮರೆವಿನ ಕಾಯಿಲೆ, ಆದರೂ ದಿನವೂ ಒಬ್ಬರೇ ಬಂದು ಹೋಗುತ್ತಾರೆ ಎಂದು ಅವಳು ಏದುಸಿರಿನಲ್ಲಿ ಹೇಳಿದಳು. ದಾರಿ ಗೊತ್ತಾಗುವುದು ಹೇಗೆ ಎಂದು ಸುಧನ್ವ ಕೇಳಿದ.

ರೇವತಿ ಅವನ ಹಿಂದಿದ್ದ ಹೂಗಳನ್ನೇ ನೋಡುತ್ತಿದ್ದಳು.

"ಹೂವಿನ ಬಣ್ಣ ನೋಡ್ಕೊಂಡ ಬರ್ತಾರ್ರಿ. ಕೆಂಪು ದಾಸವಾಳ ಕಂಡಲ್ಲಿ ಹೊಳ್ಳೂದು, ಹಳದಿ ಸೇವಂತಿಗಿ ಹಿಡಕೊಂಡ ಗೇಟಿಗೆ ಬರೂದು. ಡಾಕ್ಟರ್ ಹೇಳಿಕೊಟ್ಟಾರ. ಈಗ ಎಲ್ಲಾ ನೀಲಿ ಮಾಡೀರಲ್ರಿ."

ಸುಧನ್ವ ಉದ್ಯಾನದ ಕಾವಲುಗಾರರನ್ನು ಕೂಗಿ ಕರೆದ.

ಕಾವಲುಗಾರರು ನಾಲ್ಕೂ ದಿಕ್ಕಿಗೆ ಹೋದರು. ಬಸಲಿಂಗವ್ವ ಸಿಕ್ಕಿದ್ದು ಗಣಿಯ ಹೊಂಡದ ಆಚೆ ಬದಿಯಲ್ಲಿ. ಅಲ್ಲಿ ದುರಸ್ತಿಗೆಂದು ಕಂಬಿಬೇಲಿಯನ್ನು ಕಿತ್ತಿದ್ದರು. ಬಂಡೆಯ ಅಂಚಿನಲ್ಲಿ ನಿಂತು ಅವಳು ಸುತ್ತಲಿನ ನೀಲಿಯಲ್ಲಿ ಕಣ್ಣು ಕಿರಿದಾಗಿಸಿ ದಾರಿ ಹುಡುಕುತ್ತಿದ್ದಳು. ಹಿಂದೆ ಆಳವಾದ ಕಪ್ಪು ನೀರು. ಕಾವಲುಗಾರನೊಬ್ಬ ಮುಂದೆ ಹೋದದ್ದೇ ತಡ, ಅವಳು ಹೆದರಿ ಅಂಚಿನತ್ತ ಸರಿದಳು. ರೇವತಿ ಈಚೆಯಿಂದ ಕೂಗಿ ಕರೆದಾಗಲೂ ಹಿಂದಕ್ಕೇ ಸರಿದಳು. ಆ ದನಿ ಯಾರದೆಂದು ಅವಳಿಗೆ ಗುರುತು ಸಿಗಲಿಲ್ಲ. ಕಾಲಡಿಯ ಕಲ್ಲೊಂದು ಜಾರಿ ನೀರಿಗೆ ಬಿತ್ತು.

ಎಲ್ಲರೂ ನಿಂತಲ್ಲೇ ನಿಂತರು. ಹಳದಿ ಮಾಡಿರಿ, ಬೇಗ ಹಳದಿ ಮಾಡಿರಿ ಎಂದು ರೇವತಿ ಪಿಸುಗುಟ್ಟಿದಳು. ಸುಧನ್ವ ಗುಂಡಿ ಒತ್ತಬಹುದಿತ್ತು. ಆದರೆ ಒತ್ತಿದರೆ ಇಡೀ ತೋಟ ಹಳದಿಯಾಗುತ್ತಿತ್ತು, ಎಲ್ಲ ಕಡೆಯೂ ಒಂದೇ ದಾರಿಯಂತೆ ಕಾಣುತ್ತಿತ್ತು. ಯಾವ ಗಿಡದ ಹೂವು ಯಾವ ಬಣ್ಣದ್ದಿತ್ತೆಂದು ಗಿಡಕ್ಕೆ ಮಾತ್ರ ಗೊತ್ತಿತ್ತು. ಉಳಿದದ್ದು ಲೋಪಸಂಕೇತ ಒಂದೇ. ಅದನ್ನು ಕಳಿಸಿದರೆ ಹುರುಪೆಗಳು ಕಳಚಿ ಧೂಳಾಗಿ ಉದುರುತ್ತಿದ್ದವು. ಮತ್ತೆ ಲೇಪಿಸಲು ಪ್ರಯೋಗಾಲಯದಲ್ಲಿ ಹನಿ ಲೇಪವೂ ಮಿಕ್ಕಿರಲಿಲ್ಲ. ಬೆಳಗಾದರೆ ಪ್ರದರ್ಶನ.

ಅವನು ಆ ಸಂಕೇತ ಕಳಿಸಿದ.

ಮೊದಲು ಏನೂ ಆಗಲಿಲ್ಲ. ಬಸಲಿಂಗವ್ವನ ಹಿಮ್ಮಡಿ ಅಂಚನ್ನು ಮುಟ್ಟಿತ್ತು. ಆಮೇಲೆ ಗಾಳಿ ಬೀಸಿತು. ಹೂಗಳಿಂದ ನೀಲಿ ಧೂಳು ಹೊಗೆಯಂತೆ ಎದ್ದು ಹೊಂಡದ ಮೇಲೆ ಚದುರಿಹೋಯಿತು. ಒಂದು ಮೂಲೆಯಲ್ಲಿ ಕೆಂಪು ಮೂಡಿತು, ಅದರಾಚೆ ಬಿಳಿ, ಬಳಿಕ ಕಾಲುದಾರಿಯುದ್ದಕ್ಕೂ ಹಳದಿ. ಮುದುಕಿ ತಲೆಯೆತ್ತಿದಳು. ಅಂಚಿನಿಂದ ಒಂದು ಹೆಜ್ಜೆ ಈಚೆಗಿಟ್ಟಳು, ನಿಂತಳು, ಮತ್ತೊಂದು ಇಟ್ಟಳು. ಯಾರೂ ಮಿಸುಕಲಿಲ್ಲ. ದಾಸವಾಳದ ಬಳಿ ಅವಳು ತಿರುಗಿದಳು. ಸೇವಂತಿಗೆಯ ಸಾಲನ್ನು ಬೆರಳಿನಿಂದ ಸವರುತ್ತ, ದಿನವೂ ಬರುವಂತೆಯೇ ನಿಧಾನವಾಗಿ ನಡೆದುಬಂದಳು.

ರೇವತಿ ಅವಳನ್ನು ಅಪ್ಪಿಕೊಂಡು ಅತ್ತಳು. ಬಸಲಿಂಗವ್ವ ಅವಳ ಬೆನ್ನು ತಟ್ಟುತ್ತಲೇ ಸುಧನ್ವನನ್ನು ನೋಡಿದಳು. ಹೂಗಳಿಗೆ ಏನಾಗಿತ್ತೆಂದು ವಿಚಾರಿಸಿದಳು. ಅವನು ಒಪ್ಪಿಕೊಳ್ಳಲು ಬಾಯಿ ತೆರೆದ. ಅಷ್ಟರಲ್ಲಿ ಅವಳೇ ಉತ್ತರವನ್ನೂ ಕಂಡುಕೊಂಡಿದ್ದಳು.

"ಅವಕ್ಕೂ ಮರವು ಬಂದಿತ್ತು, ಹೌದಿಲ್ಲೋ? ತಮ್ಮ ಬಣ್ಣಾನ ಮರತಿದ್ವು. ನೀ ಏನೋ ಔಷಧ ಕೊಟ್ಟಿ, ಎಲ್ಲಾ ನೆನಪಾತು ಅವಕ್ಕ."

ಅವಳು ಸೊಸೆಯ ತೋಳಿನಿಂದ ಬಿಡಿಸಿಕೊಂಡು ಹತ್ತಿರ ಬಂದಳು. ಪ್ರಸಾದಕ್ಕೆ ಒಡ್ಡುವಂತೆ ಬೊಗಸೆ ಮಾಡಿ ಅವನ ಮುಂದೆ ಹಿಡಿದಳು.

"ನನಗೂ ಒಂಚೂರು ಕೊಡಪಾ."