ಹೊಗಳಿಸಿಕೊಂಡ ಜೇಡ

"ಬಂದಿದ್ದಾನೆ," ಎಂದಳು ಬೋದಿಲ್ ಚಿಕ್ಕಮ್ಮ, ಕಾಫಿ ಫ್ಲಾಸ್ಕಿನ ಮುಚ್ಚಳ ಬಿಗಿ ಮಾಡುತ್ತಾ. "ಹಿಂದಿನ ಸಾಲಲ್ಲಿ ಕೂತಿದ್ದಾನೆ. ತಲೆ ಮೇಲಿನ ಟೋಪಿ ಕೂಡ ತೆಗೆದಿಲ್ಲ."

ಭವನದ ಅಡುಗೆಮನೆಯಲ್ಲಿ ನಿಂತಿದ್ದ ವಿಬೆಕೆ ಕೈಯಲ್ಲಿದ್ದ ಕಪ್ಪುಗಳನ್ನು ಟ್ರೇ ಮೇಲಿಟ್ಟಳು. ಇಡದಿದ್ದರೆ ಬೀಳುತ್ತಿದ್ದವು.

"ಯಾರು?"

"ಯಾರಂತೆ! ಪಾದ್ರಿ ಬಂದಿದ್ರೆ ನಿನ್ನ ಮುಖ ಹೀಗೆ ಸುಣ್ಣ ಆಗ್ತಿತ್ತಾ? ಎಸ್ಬೆನ್ ಕಣೇ."

ಎಸ್ಬೆನ್ ಊರು ಬಿಟ್ಟ ಮೇಲೆ ಇದು ಎರಡನೆಯ ಚಳಿಗಾಲ. ಕೋಪನ್‌ಹೇಗನ್ನಿನಲ್ಲಿ ಆಟಿಕೆ ಇಟ್ಟಿಗೆ ಮಾಡುವ ಹೊಸ ಸಣ್ಣ ಕಂಪನಿಯೊಂದರಲ್ಲಿ ಅವನು ಡಿಸೈನರ್. ಅವನ ಮೊದಲ ಸೆಟ್ಟು ಮುಂದಿನ ತಿಂಗಳು ಅಂಗಡಿಗೆ ಬರುವುದಿತ್ತು. ಅದರಲ್ಲಿ ಒಂದು ಪಾಳು ಕಮಾನು, ಲಾಂದ್ರ ಹಿಡಿದ ಒಬ್ಬ ಪುಟ್ಟ ಕಿನ್ನರಿ, ಅವಳನ್ನು ಒಂದೇ ತುತ್ತಿಗೆ ನುಂಗುವಂಥ ಒಂದು ಜೇಡ. ಪೆಟ್ಟಿಗೆ ಚಿಕ್ಕದು, ಜೇಡ ಮಾತ್ರ ಭಾರಿ ಗಾತ್ರದ್ದು. ಅಂಗಡಿಗೆ ಬರುವ ಮುಂಚೆಯೇ ಒಂದು ಪೆಟ್ಟಿಗೆ ನಮ್ಮೂರು ಲೆಮ್ವಿಯ ಆಟಿಕೆ ಇಟ್ಟಿಗೆ ಬಳಗಕ್ಕೆ ವಿಮರ್ಶೆಗೆಂದು ಬಂದಿತ್ತು.

ಬಳಗದ ವಿಮರ್ಶಕಿ ವಿಬೆಕೆ. ತಿಂಗಳಿಗೊಂದು ಭಾನುವಾರ ಊರಿನ ಸಮುದಾಯ ಭವನದಲ್ಲಿ ಎಲ್ಲರೆದುರು ಸೆಟ್ಟನ್ನು ಕಟ್ಟಿ, ಕಟ್ಟುತ್ತಲೇ ಅಭಿಪ್ರಾಯ ಹೇಳುವುದು ಅವಳ ಕೆಲಸ. ಆಮೇಲೆ ಅದು ಬಳಗದ ವೆಬ್‌ಸೈಟಿಗೆ ಹೋಗುತ್ತದೆ. ಅವಳ ನಾಲಿಗೆಗೆ ಹೆದರದ ಡಿಸೈನರ್ ಇಲ್ಲ ಎಂದು ಪ್ರತೀತಿ.

ಚಿಕ್ಕಮ್ಮ ದನಿ ತಗ್ಗಿಸಿದಳು. "ಕೇಳಿಲ್ಲಿ. ನಾಳೆ ಅವನು ಕಂಪನಿಗೆ ಉತ್ತರ ಕೊಡಬೇಕಂತೆ. ಅಲ್ಲೇ ಕಾಯಂ ಆಗಿ ಇರ್ತೀಯಾ, ಇಲ್ಲಾ ನಿಮ್ಮೂರಲ್ಲೇ ಕೂತು ಕೆಲಸ ಮಾಡ್ತೀಯಾ ಅಂತ ಕೇಳಿದ್ದಾರೆ."

"ಅವನೇನಂದ?"

"'ಮೊದಲು ವಿಬೆಕೆ ಏನಂತಾಳೆ ನೋಡೋಣ' ಅಂದ."

"ಜೇಡದ ಬಗ್ಗೆ."

"ಹೂಂ, ಜೇಡದ ಬಗ್ಗೆ," ಎಂದು ಚಿಕ್ಕಮ್ಮ ಕಣ್ಣು ಹೊರಳಿಸಿದಳು. "ನಾನು ಇಷ್ಟು ವರ್ಷ ಕಾಫಿ ಬಗ್ಗಿಸಿದ್ದು ಬರೀ ಕಪ್ಪು ನೋಡ್ಕೊಂಡಲ್ಲ ಮಗಳೇ."

ವಿಬೆಕೆ ನಿನ್ನೆಯೇ ಆ ಜೇಡವನ್ನು ಮನೆಯಲ್ಲಿ ಒಮ್ಮೆ ಕಟ್ಟಿ ಬಿಚ್ಚಿದ್ದಳು. ಅದರ ಹಿಂಗಾಲು ನಿಲ್ಲುವುದಿಲ್ಲ.

ನಮ್ಮೂರಿರುವ ಈ ಪಶ್ಚಿಮ ಜಟ್‌ಲ್ಯಾಂಡಿನ ಜನ ಹೊಗಳಿಕೆಯನ್ನು ಅತಿಥಿಗಳಿಗೆ ಮೀಸಲಿಡುತ್ತಾರೆ. ಬಾಯಿಗೆ ಇಡಲಾಗದ ಕೇಕ್ ತಂದವರನ್ನೂ ಹೊಗಳುತ್ತಾರೆ, ಇನ್ನೊಮ್ಮೆ ತರದಿರಲಿ ಎಂದು. ತಮ್ಮವರು ಅನ್ನಿಸಿದವರಿಗೆ ತಪ್ಪನ್ನೇ ಹೇಳುವುದು. ಬೈದು ಹೇಳುವವರು ಬದುಕಲಿಕ್ಕೆ ಹೇಳುತ್ತಾರೆ, ನಕ್ಕು ಹೇಳುವವರು ಕೆಡಲಿಕ್ಕೆ ಹೇಳುತ್ತಾರೆ ಅನ್ನುವ ಮಾತು ನಮ್ಮ ಕಡೆಯವರನ್ನು ನೋಡಿಯೇ ಹುಟ್ಟಿರಬೇಕು.

ವಿಬೆಕೆ, ಎಸ್ಬೆನ್ ಇಬ್ಬರ ನಡುವೆಯೂ ಇದ್ದದ್ದು ಅದೇ. ಒಮ್ಮೆ ಅವನು ತಿಂಗಳುಗಟ್ಟಲೆ ಕೂತು ಊರಾಚೆ ಕಡಲಂಚಿನ ಕೆಂಪು ದೀಪಸ್ತಂಭವನ್ನು ಇಟ್ಟಿಗೆಯಲ್ಲಿ ಕಟ್ಟಿ ತಂದಿದ್ದ. ವಿಬೆಕೆ ಅದರ ಸುತ್ತ ಒಂದು ಸುತ್ತು ಬಂದು, "ಖಾರದ ಪುಡಿ ಡಬ್ಬಿ ಚೆನ್ನಾಗಿದೆ, ದೀಪಸ್ತಂಭ ಎಲ್ಲಿ?" ಎಂದಿದ್ದಳು. ಅವನು ಮೊದಲು ಎಡಗಣ್ಣು ಕಿರಿದು ಮಾಡಿದ, ಆಮೇಲೆ ತುಟಿಯ ಒಂದೇ ತುದಿಯಲ್ಲಿ ನಕ್ಕ. ಮುಂದಿನ ತಿಂಗಳು ತುದಿಯನ್ನು ಬದಲಿಸಿ ತಂದು ಅವಳ ಮುಂದೆಯೇ ಇಟ್ಟ. "ಈಗ?" "ಈಗ ಮುಚ್ಚಳ ಸರಿಯಾಗಿದೆ." ಆ ಒಂದು ತುದಿಯ ನಗು ನೋಡುವುದಕ್ಕೆಂದೇ ಅವಳು ರಾತ್ರಿಯೆಲ್ಲ ತಪ್ಪುಗಳನ್ನು ಹೊಂಚುತ್ತಿದ್ದಳು. ಅದು ಪ್ರೀತಿ ಎಂದು ಅವಳಿಗೆ ಗೊತ್ತಿತ್ತು. ಅವನಿಗೆ ಗೊತ್ತೋ ಇಲ್ಲವೋ ಎಂಬುದು ಗೊತ್ತಿರಲಿಲ್ಲ. ಅವನು ರೈಲು ಹತ್ತಿದ ದಿನ "ಸರಿ ಹಾಗಾದ್ರೆ" ಅಂದ. ಇವಳೂ "ಸರಿ ಹಾಗಾದ್ರೆ" ಅಂದಳು. ರೈಲು ಹೊರಟಿತು.

ಈಗ ಅವನು ಹಿಂದಿನ ಸಾಲಿನಲ್ಲಿದ್ದಾನೆ. ಆಗ ಕೆಡವಿದ್ದು ಹವ್ಯಾಸಕ್ಕೆ ಕಟ್ಟಿದ ಆಟಿಕೆಯನ್ನು. ಇವತ್ತಿನದು ಅವನ ಅನ್ನ. ಎಲ್ಲರೆದುರು ಅದನ್ನು ಕೆಡವಿದರೆ ನೊಂದುಕೊಂಡು ಹೋಗಿಬಿಡುತ್ತಾನೆ, ನಾಳೆ ಕೋಪನ್‌ಹೇಗನ್ನಿಗೇ ಹೂಂ ಅನ್ನುತ್ತಾನೆ.

"ಬಾರಮ್ಮ, ಶುರು ಮಾಡು," ಎಂದು ಮುಂದಿನ ಸಾಲಿನಿಂದ ಮುದುಕ ಕ್ನೂದ್ ಕೂಗಿದ. ಅವನು ಮೀನುಗಾರಿಕೆ ದೋಣಿಗಳ ಎಂಜಿನ್ ರಿಪೇರಿ ಮಾಡಿ ನಿವೃತ್ತನಾದವನು. "ಕೆನೆ ಬನ್ನು ಕಾಯ್ತಾ ಇದೆ. ಬೇಗ ಯಾರನ್ನಾದ್ರೂ ಅಳಿಸು!"

ಎಲ್ಲರೂ ನಕ್ಕರು. ವಿಬೆಕೆ ಪೊಟ್ಟಣ ಹರಿದು ಚೂರುಗಳನ್ನು ಸುರಿದಳು. ತಲೆ ಎತ್ತಬಾರದು ಎಂದುಕೊಂಡೇ ತಲೆ ಎತ್ತಿದಳು. ಎಸ್ಬೆನ್ ನೋಡುತ್ತಿದ್ದ. ಮೊದಲಿಗಿಂತ ಸೊರಗಿದ್ದಾನೆ, ಗಡ್ಡ ಬಿಟ್ಟಿದ್ದಾನೆ. ಕಣ್ಣು ಮಾತ್ರ ಅವೇ, ಬೈಗುಳ ತಿನ್ನಲು ಸಿದ್ಧವಾಗಿ ಕೂತ ತುಂಟ ಕಣ್ಣು. ಒಂದು ಹುಬ್ಬು ಮೇಲೆತ್ತಿ, 'ಹೂಂ, ಬಾ' ಅಂದಂತೆ ಮಾಡಿದ. ಅವಳು ಥಟ್ಟನೆ ಇಟ್ಟಿಗೆಗಳತ್ತ ಮುಖ ಇಳಿಸಿದಳು.

"ಇದೇನು, ಕಪ್ಪೋ ಕಂದೋ?" ಕ್ನೂದ್ ಸೂಚನಾ ಪುಸ್ತಕವನ್ನು ಕಣ್ಣಿಗೆ ಹತ್ತಿರ ಹಿಡಿದ. "ಚಿತ್ರದಲ್ಲಿ ಎರಡೂ ಒಂದೇ ತರ ಇದೆಯಲ್ಲ."

ನಿನ್ನೆ ವಿಬೆಕೆಯೂ ಇದೇ ಪುಟದಲ್ಲಿ ಎಡವಿದ್ದಳು. "ಇಲ್ಲಿ ಬೆಳಕು ಕಮ್ಮಿ, ಅಷ್ಟೇ," ಎಂದಳು. "ಪುಸ್ತಕ ತುಂಬಾ ಸ್ಪಷ್ಟವಾಗಿದೆ."

ಮಾತು ಬಾಯಿಂದ ಬಿದ್ದ ಮೇಲೆ ಅವಳಿಗೇ ಬೆಚ್ಚಿದಂತಾಯಿತು. ಅದು ಅವಳ ಸ್ವಂತ ದನಿಯಲ್ಲ, ಕ್ಲಿನಿಕ್ಕಿನ ದನಿ. ವಾರವಿಡೀ ಅವಳು ದಂತವೈದ್ಯರ ಮುಂಭಾಗದ ಮೇಜಿನಲ್ಲಿ ಕೂತು, ಹಲ್ಲು ಕೀಳಿಸಲು ಬಂದವರಿಗೆ "ಸ್ವಲ್ಪವೂ ನೋಯಲ್ಲ" ಎನ್ನುತ್ತಾಳೆ. ಆ ಸಕ್ಕರೆ ದನಿ ಇವತ್ತು ಕರೆಯದೆಯೇ ಬಂದಿತ್ತು. ಬಂದದ್ದು ಹೋಗಲಿಲ್ಲ. ಜೇಡದ ಕಣ್ಣಿಗೆ ಸ್ಟಿಕ್ಕರ್ ಅಂಟಿಸುವಾಗ, "ಮಕ್ಕಳಿಗೆ ಅಂಟಿಸೋ ಖುಷಿ ಸಿಗುತ್ತೆ" ಎಂದಳು. ಸ್ಟಿಕ್ಕರ್ ಸೊಟ್ಟಗೆ ಕೂತಿತು. ಕಮಾನು ಕಟ್ಟಿದಾಗ, "ಎಂಥ ಸೊಗಸು!" ಎಂದಳು. ಭವನದಲ್ಲಿ ಯಾರೂ ನಗುತ್ತಿರಲಿಲ್ಲ. ಬೋದಿಲ್ ಚಿಕ್ಕಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು, ಇವಳಿಗೆ ಜ್ವರವೇ ಅನ್ನುವ ಹಾಗೆ ನೋಡುತ್ತಿದ್ದಳು.

ಉಳಿದದ್ದು ಅಂಗೈ ನಡಿಗೆ. ಕಟ್ಟಿ ಮುಗಿದ ಸೆಟ್ಟನ್ನು ಚಾಚಿದ ಅಂಗೈ ಮೇಲಿಟ್ಟುಕೊಂಡು ಕಾಫಿ ಮೇಜಿನವರೆಗೆ ನಡೆಯಬೇಕು. ದಾರಿಯಲ್ಲಿ ಏನು ಉದುರಿದರೂ ಅಂಕ ಹೋಯಿತು. ಬಳಗದ ಹಳೆಯ ಕಟ್ಟಳೆ ಇದು. ಇದರಲ್ಲಿ ವಿಬೆಕೆ ತನ್ನ ಅಪ್ಪ ಕಟ್ಟಿದ ಇಟ್ಟಿಗೆ ಕೋಟೆಗೂ ಅಂಕ ಕಳೆಯದೆ ಬಿಟ್ಟವಳಲ್ಲ.

ಅರ್ಧ ದಾರಿಗೆ ಜೇಡದ ಬಲ ಹಿಂಗಾಲು ಸಡಿಲವಾಯಿತು. ಅಂಗೈಗೆ ಅದು ಗೊತ್ತಾಯಿತು. ಯೋಚಿಸುವ ಮೊದಲೇ ಅವಳ ಹೆಬ್ಬೆರಳು ಮಡಿಸಿಕೊಂಡು ಕಾಲನ್ನು ಒತ್ತಿ ಹಿಡಿಯಿತು. ಯಾರೂ ನೋಡಲಿಲ್ಲ. ಇನ್ನೇನು ಮೇಜು ಬಂತು ಅನ್ನುವಾಗ ಎಸ್ಬೆನ್‌ನ ಕಣ್ಣು ಅವಳ ಹೆಬ್ಬೆರಳ ಮೇಲಿರುವುದು ಕಂಡಿತು.

"ಒಂದು ಚೂರೂ ಬೀಳಲಿಲ್ಲ," ಎಂದಳು. "ಅದ್ಭುತವಾದ ಸೆಟ್ಟು. ಡಿಸೈನರ್‌ಗೆ ಅಭಿನಂದನೆ."

ನಾಲ್ಕಾರು ಜನ ಚಪ್ಪಾಳೆ ತಟ್ಟಿದರು. ಎಸ್ಬೆನ್ ಎದ್ದು ನಿಂತ. ಅವನ ಮುಖದಲ್ಲಿ ತುಂಟತನದ ಸುಳಿವೂ ಇರಲಿಲ್ಲ. "ತುಂಬಾ ಧನ್ಯವಾದಗಳು," ಎಂದ, ಪರವೂರಿನವರು ದಾರಿ ಕೇಳಿ ಹೊರಡುವಾಗ ಹೇಳುವಂತೆ. ಮತ್ತೆ ಅವಳತ್ತ ನೋಡದೆ ಬಾಗಿಲು ತೆರೆದು ಹೊರಗೆ ಹೋದ.

"ಏನೇ ಮಾಡ್ದೆ?" ಚಿಕ್ಕಮ್ಮ ಓಡಿ ಬಂದಳು. "ಅವನನ್ನ ಹೊಗಳಿಬಿಟ್ಟೆಯಲ್ಲೇ!"

"ಬೇಜಾರಾಗಬಾರದು ಅಂತ..."

"ನಲವತ್ತು ವರ್ಷ ನಿಮ್ಮ ಚಿಕ್ಕಪ್ಪನ ಜೊತೆ ಬಾಳಿದೆ. ಒಂದೇ ಒಂದು ದಿನ ನನ್ನ ಮೀನು ಸಾರನ್ನ ಹೊಗಳಿದ್ರು. ಅವತ್ತು ಎದೆ ಒಡೆದು ಹೋಗಿ ರಾತ್ರಿಯೆಲ್ಲ ಅತ್ತಿದ್ದೆ, ಇವರಿಗೆ ನಾನು ಬೇಡವಾದೆ ಅಂತ. ನಿಂತು ನೋಡ್ತೀಯಲ್ಲ, ಓಡೇ!"

ವಿಬೆಕೆ ಜೇಡವನ್ನು ಕಮಾನಿನ ಸಮೇತ ಎದೆಗವಚಿಕೊಂಡು ಓಡಿದಳು.

ಹೊರಗೆ ಊರಿನೊಳಕ್ಕೆ ಚಾಚಿದ ಕಡಲ ಕೊಲ್ಲಿ ಫ್ಯೋರ್ಡಿನ ಕಡೆಯಿಂದ ಗಾಳಿ ಬೀಸುತ್ತಿತ್ತು. ಎಸ್ಬೆನ್ ಕಾರಿನ ಗಾಜಿನ ಮೇಲಿನ ಹಿಮವನ್ನು ಕೆರೆಯುತ್ತಿದ್ದ. ಗಾಜಿನ ಮೇಲೆ ಏನೋ ದ್ವೇಷವಿದ್ದ ಹಾಗೆ ಕೆರೆಯುತ್ತಿದ್ದ.

"ಹಿಂಗಾಲು ನಿಲ್ಲಲ್ಲ!" ಎಂದು ವಿಬೆಕೆ ಕೂಗಿದಳು.

ಅವನು ತಿರುಗಿದ. "ಏನಂದೆ?"

"ಹಿಂಗಾಲು! ಎರಡೂ ಜಾರುತ್ತೆ, ಹೊಟ್ಟೆ ನೆಲಕ್ಕೆ ತಾಗುತ್ತೆ. ಇದು ಬೇಟೆಗೆ ಹೊರಟ ಜೇಡ ಅಲ್ಲ, ಹಬ್ಬದ ಊಟ ಮಾಡಿ ಒರಗಿದ ನಿಮ್ಮ ಮಾವ!"

ಕೆರೆಯುವುದು ನಿಂತಿತು. "ಒಳಗೆ ಹಾಗೆ ಹೇಳಲಿಲ್ಲ ನೀನು."

"ಒಳಗೆ ಹೇಳಿದ್ದೆಲ್ಲ ಸುಳ್ಳು."

"ಹೆಬ್ಬೆರಳು ಕೊಟ್ಟು ಹಿಡ್ಕೊಂಡೆ. ನಾನು ನೋಡ್ದೆ ವಿಬೆಕೆ. ನಿಮ್ಮಪ್ಪನಿಗೋಸ್ಕರ ಕೂಡ ಮಾಡದ ಮೋಸ ನನಗೋಸ್ಕರ ಮಾಡ್ದೆ. ಅಷ್ಟು ಕನಿಕರ ಬಂತಾ ನನ್ನ ಮೇಲೆ?"

"ಕನಿಕರ ಅಲ್ಲ ಕಣೋ. ಭಯ."

"ಯಾತರ ಭಯ?"

ವಿಬೆಕೆ ಮುಂದಿನ ತಪ್ಪಿಗೆ ಹೋದಳು. "ಕಣ್ಣು! ಕಣ್ಣಿಗೆ ಯಾರಾದ್ರೂ ಸ್ಟಿಕ್ಕರ್ ಕೊಡ್ತಾರಾ? ಇಟ್ಟಿಗೆ ಮೇಲೇ ಅಚ್ಚು ಹಾಕ್ಸೋಕೆ ಏನು ರೋಗ?"

"ಬಜೆಟ್ ಇರಲಿಲ್ಲ."

"ನಿಮ್ಮ ಬಜೆಟ್ ಇಲ್ಲ ಅಂತ ಪಾಪದ ಜೇಡ ಮೆಳ್ಳಗಣ್ಣಾಗಬೇಕಾ?"

ಅವನ ಎಡಗಣ್ಣು ಕಿರಿದಾಯಿತು. ಅವಳು ಜೇಡವನ್ನು ಅವನ ಮೂಗಿನ ಬಳಿ ಹಿಡಿದಳು. "ಕಮಾನು ನೋಡು. ಇಷ್ಟೇ ಇಷ್ಟು ಬಾಗಿಲು. ಇದರೊಳಗೆ ಈ ದಾಂಡಿಗ ಹೋದದ್ದಾದರೂ ಹೇಗೆ?"

"ಮರಿಯಾಗಿದ್ದಾಗ ಹೋಯ್ತು," ಎಂದ ಎಸ್ಬೆನ್ ಮೆಲ್ಲಗೆ. "ಅಲ್ಲೇ ಬೆಳೀತು. ಆಮೇಲೆ ಹೊರಗೆ ಬರೋಕೆ ದಾರಿ ಗೊತ್ತಾಗಲಿಲ್ಲ."

"ಪೆಟ್ಟಿಗೆ ಮೇಲೆ ಹಾಗಂತ ಬರೀಬೇಕಿತ್ತು."

"ಬರೆದಿದ್ದೆ. ಆಟಿಕೆಗೆ ಇಷ್ಟು ದುಃಖ ಬೇಡ ಅಂತ ತೆಗೆದುಹಾಕಿದ್ರು."

ಆಗಲೇ ಹಿಂಗಾಲು ಕಳಚಿ ಬಿತ್ತು. ಇಬ್ಬರೂ ಒಟ್ಟಿಗೆ ಬಗ್ಗಿದರು, ಹಣೆಗೆ ಹಣೆ ತಾಗಿತು. ಚಕ್ರದ ಪಕ್ಕದ ಹಿಮದಲ್ಲಿ ಅವಳ ಬೆರಳು ಕಾಲಿನ ಮೇಲೆ, ಅವನ ಬೆರಳು ಅವಳ ಬೆರಳಿನ ಮೇಲೆ. ಯಾರೂ ಕೈ ತೆಗೆಯಲಿಲ್ಲ.

"ಇನ್ನೂ ಇದೆಯಾ?" ಎಂದು ಕೇಳಿದ. ಅವನ ಉಸಿರು ಅವಳ ಕೆನ್ನೆಗೆ ಬೆಚ್ಚಗೆ ತಾಗುತ್ತಿತ್ತು.

"ಇದೆ." ಈಗ ಹೇಳದಿದ್ದರೆ ಇನ್ನು ಯಾವತ್ತೂ ಇಲ್ಲ. "ಇದನ್ನ ಮಾಡಿದವನು ಕೋಪನ್‌ಹೇಗನ್ನಲ್ಲಿ ಕೂತು ಮಾಡಿದ್ದಾನೆ. ಇಲ್ಲಿದ್ದಿದ್ರೆ ಹಿಂಗಾಲು ಮೊದಲು ಜಾರಿದ ದಿನಾನೇ ನಾನು ಹೇಳ್ತಿದ್ದೆ. ದಿನಾ ಹೇಳ್ತಿದ್ದೆ. ತಿಂಡಿ ತಿನ್ನೋವಾಗ, ಪಾತ್ರೆ ತೊಳೆಯೋವಾಗ, ದೀಪ ಆರಿಸೋವಾಗ ಹೇಳ್ತಿದ್ದೆ. ಎಲ್ಲಕ್ಕಿಂತ ದೊಡ್ಡ ತಪ್ಪು ಅದೇ ಎಸ್ಬೆನ್. ಮೊದಲು ಅದನ್ನ ಸರಿಮಾಡು."

ಅವನು ಅವಳ ಕೈ ಹಿಡಿದು ಎಬ್ಬಿಸಿ, ಕಾರಿನ ಬಾಗಿಲು ತೆಗೆದು ಒಳಗೆ ಕೂರಿಸಿ, ತಾನೂ ಬಂದು ಕೂತು ಹೀಟರ್ ಹಾಕಿದ. ವಿಬೆಕೆಯ ತೊಡೆಯ ಮೇಲೆ ಕುಂಟ ಜೇಡ.

"ನಿಂದು ಮುಗೀತಾ?" ಎಂದ ಕೊನೆಗೆ.

"ಮುಗೀತು."

"ಹಾಗಾದ್ರೆ ನಂದು ಕೇಳು." ಅವನು ಅವಳ ಕಡೆ ತಿರುಗಿ ಕೂತ. "ಮೂಗು ಬೀಟ್‌ರೂಟ್ ಆಗಿದೆ. ಫೆಬ್ರವರಿಯಲ್ಲಿ ಬರೀ ಸ್ವೆಟರ್ ಹಾಕ್ಕೊಂಡು ಹೊರಗೆ ಬರೋದು ಬುದ್ಧಿ ಇಲ್ಲದವರು. ಕೂದಲು ಯಾರು ಕತ್ತರಿಸಿದ್ದು, ಬೋದಿಲ್ಲಾ? ಎಡಗಡೆ ಉದ್ದ ಇದೆ. ಅಭಿನಂದನೆ ಅನ್ನೋ ಮಾತು ನಿನ್ನ ಬಾಯಲ್ಲಿ ಅಸಹ್ಯವಾಗಿರುತ್ತೆ, ಇನ್ನೊಂದು ಸಲ ಹೇಳಬೇಡ. ಅದನ್ನ ಕೇಳಿ, ಎಲ್ಲ ಮುಗೀತು ಅಂದ್ಕೊಂಡು ಬಂದೆ ನಾನು."

ಇಷ್ಟು ಚಂದದ ಮಾತನ್ನು ವಿಬೆಕೆಗೆ ಅಲ್ಲಿಯವರೆಗೆ ಯಾರೂ ಹೇಳಿರಲಿಲ್ಲ. ಅವಳ ಕಣ್ಣಲ್ಲಿ ನೀರು ತುಂಬಿ, ಅವನ ಮುಖ ಮಸುಕಾಯಿತು. ಮಸುಕಿನಲ್ಲೂ ತುಟಿಯ ಆ ಒಂದು ತುದಿ ಮೇಲೇರುವುದು ಕಂಡಿತು. ಅವಳು ಬಗ್ಗಿ ಅಲ್ಲಿಗೇ ಮುತ್ತಿಟ್ಟಳು. ಗಡ್ಡ ಚುಚ್ಚಿತು.

"ಗಡ್ಡ ಚೆನ್ನಾಗಿಲ್ಲ," ಎಂದಳು.

"ನಾಳೆ ತೆಗೀತೀನಿ."

"ನಾಳೆ ಕಂಪನಿಗೆ ಏನಂತ ಹೇಳ್ತೀಯ?"

"ಊರಲ್ಲೇ ಇರ್ತೀನಿ ಅಂತ."

"ಯಾಕೆ ಅಂತ ಕೇಳಿದ್ರೆ?"

ಎಸ್ಬೆನ್ ಅವಳ ತಣ್ಣನೆಯ ಎರಡೂ ಕೈಗಳನ್ನು ತನ್ನ ಕೈಯೊಳಗೆ ತೆಗೆದುಕೊಂಡ.

"ನನ್ನಲ್ಲಿ ತುಂಬಾ ತಪ್ಪಿದೆ, ಎಲ್ಲಾ ಹೇಳಿ ಮುಗಿಸೋಕೆ ಅವಳಿಗೆ ಒಂದು ಜನ್ಮ ಬೇಕಾಗುತ್ತೆ ಅಂತೀನಿ."